ಪುಟ್ಟ ನಿಲ್ದಾಣ, ಪೂರ್ತಿ ಹೆಸರು

ಅಕ್ಕಂದಿರೇ,

ನಮ್ಮ ಹೊಂಗನೂರಿಗೆ ರೈಲು ಬರುವುದಿಲ್ಲ. ರೈಲು ಹತ್ತಬೇಕಾದರೆ ನಾವು ಚನ್ನಪಟ್ಟಣಕ್ಕೆ ಹೋಗಬೇಕು. ಆದರೂ ರೈಲಿನ ಪಾಠ ನಮಗೆ ಬೇಕು. ಯಾಕೆ ಬೇಕು? ಈ ಕತೆ ಓದಿ. ನಿಮಗೇ ತಿಳಿಯುತ್ತದೆ.

1. ದೊಡ್ಡಕ್ಕ ಇಳಿದ ಊರು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. ಎಲ್ಲರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ. ಅವರ ಕಿರಿಯ ಮಗಳನ್ನು ಕವಲಂದೆಯ ಕಡೆಗೆ ಕೊಟ್ಟಿದ್ದಾರೆ. ಕವಲಂದೆ ನಂಜನಗೂಡು ತಾಲ್ಲೂಕಿನಲ್ಲಿದೆ. ಅಲ್ಲಿ ಒಂದು ಪುಟ್ಟ ರೈಲು ನಿಲ್ದಾಣ ಇದೆ.

ಮೂರು ವರ್ಷದ ಹಿಂದೆ ಆ ಮಗಳಿಗೆ ಎರಡನೇ ಹೆರಿಗೆ ಆಯಿತು. ದೊಡ್ಡಕ್ಕ ಬೆಳ್ಳುಳ್ಳಿ, ಮೆಣಸು, ತುಪ್ಪ, ಹಳೇ ಸೀರೆ ಎಲ್ಲ ಗಂಟು ಕಟ್ಟಿದರು. ಜೊತೆಗೆ ಬರುವವರು ಯಾರೂ ಇರಲಿಲ್ಲ. ಆಗ ಅವರಿಗೆ ಓದು ಬರುತ್ತಿರಲಿಲ್ಲ. ಹೊರಡುವಾಗ ಮೊಮ್ಮಗ ಒಂದು ಅಕ್ಷರ ಕಲಿಸಿದ.

“ಅಜ್ಜೀ, ಇದು ಕ. ಹಳದಿ ಬೋರ್ಡಿನಲ್ಲಿ ಮೊದಲು ಕ ಕಂಡರೆ ಇಳಿದುಬಿಡು” ಎಂದ.

ದೊಡ್ಡಕ್ಕ ಮೈಸೂರಿನಲ್ಲಿ ರೈಲು ಬದಲಿಸಿದರು. ಕಿಟಕಿ ಪಕ್ಕ ಕೂತರು. ಕಣ್ಣು ಬೋರ್ಡಿನ ಮೇಲೇ. ಸ್ವಲ್ಪ ಹೊತ್ತಿಗೆ ಒಂದು ಬೋರ್ಡು ಬಂತು. ಮೊದಲ ಅಕ್ಷರ ಕ! ಗಂಟು ಎತ್ತಿಕೊಂಡು ಇಳಿದೇಬಿಟ್ಟರು. ರೈಲು ಹೊರಟುಹೋಯಿತು.

“ಮಗಾ, ಇದು ಕವಲಂದೆ ಅಲ್ವಾ?” ಅಲ್ಲಿದ್ದ ಹುಡುಗನನ್ನು ಕೇಳಿದರು.

“ಇದು ಕಡಕೊಳ ಕಣಜ್ಜಿ. ಕವಲಂದೆ ಇನ್ನೂ ಮುಂದೈತೆ. ನಂಜನಗೂಡು ದಾಟಬೇಕು.”

ಮುಂದಿನ ರೈಲು ಸಂಜೆಗೆ. ಬಸ್ಸಿನ ದಾರಿ ಕೇಳೋಣ ಎಂದರೆ ಭಯ. ಮತ್ತೆ ತಪ್ಪು ಬಸ್ಸು ಹತ್ತಿದರೆ? ದೊಡ್ಡಕ್ಕ ಕಲ್ಲು ಬೆಂಚಿನ ಮೇಲೆ ಸಂಜೆಯವರೆಗೆ ಕೂತರು. ನೀರಿಗೂ ಎದ್ದು ಹೋಗಲಿಲ್ಲ. ಮಗಳ ಮನೆ ಸೇರಿದಾಗ ರಾತ್ರಿ ಆಗಿತ್ತು. ಬಾಣಂತಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು.

“ಒಂದಕ್ಷರ ನಂಬ್ಕೊಂಡು ಹೋದೆ ಟೀಚರಮ್ಮ. ಒಂದಕ್ಷರ ಸಾಲದು” ಎಂದು ದೊಡ್ಡಕ್ಕ ಈಗ ಹೇಳುತ್ತಾರೆ. ಅವರು ನಮ್ಮ ಕೇಂದ್ರಕ್ಕೆ ಸೇರಿದ್ದು ಆ ಮೇಲೆ.

2. ಕವಲು ದಾರಿ ಎಂದರೇನು?

ಒಂದು ಮರ ನೆನೆಸಿಕೊಳ್ಳಿ. ಮರಕ್ಕೆ ಕಾಂಡ ಇದೆ. ಕಾಂಡದಿಂದ ಕೊಂಬೆ ಒಡೆಯುತ್ತದೆ. ರೈಲು ದಾರಿಯೂ ಹಾಗೆಯೇ. ದೊಡ್ಡ ಊರುಗಳನ್ನು ಸೇರಿಸುವ ದಾರಿ ಮುಖ್ಯ ದಾರಿ. ಅದರಿಂದ ಒಡೆದು ಹೋಗುವುದು ಕವಲು ದಾರಿ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವುದು ಮುಖ್ಯ ದಾರಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲ ಈ ದಾರಿಯಲ್ಲಿವೆ. ನಮ್ಮ ತಾಲ್ಲೂಕಿನ ಜನ ದಿನಾ ಈ ದಾರಿಯಲ್ಲಿ ಓಡಾಡುತ್ತಾರೆ. ಕೆಲವರು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಆಸ್ಪತ್ರೆಗೆ, ಕೆಲವರು ನೆಂಟರ ಮನೆಗೆ.

ಮೈಸೂರಿನಿಂದ ಒಂದು ಕವಲು ತೆಂಕಣ ದಿಕ್ಕಿಗೆ ಹೋಗುತ್ತದೆ. ಅದು ಚಾಮರಾಜನಗರದ ದಾರಿ. ಉದ್ದ 61 ಕಿಲೋಮೀಟರ್. ಚಾಮರಾಜನಗರ ಬಂದರೆ ಹಳಿ ಮುಗಿಯಿತು. ಮುಂದೆ ರೈಲು ಇಲ್ಲ.

ಈ ಕವಲಿನಲ್ಲಿ ಸಿಗುವ ಕೆಲವು ನಿಲ್ದಾಣಗಳನ್ನು ಸಾಲಾಗಿ ಓದಿ:

ಚಾಮರಾಜಪುರಂ
ಅಶೋಕಪುರಂ
ಕಡಕೊಳ
ತಾಂಡವಪುರ
ನಂಜನಗೂಡು
ಕವಲಂದೆ
ಬದನಗುಪ್ಪೆ
ಚಾಮರಾಜನಗರ

ನಡುವೆ ಇನ್ನೂ ಕೆಲವು ಪುಟ್ಟ ನಿಲ್ದಾಣಗಳಿವೆ. ಈಗ ಎರಡು ಹೆಸರು ಹುಡುಕಿ. ಕಡಕೊಳ, ಕವಲಂದೆ. ಎರಡೂ ಕ ಅಕ್ಷರದಿಂದ ಶುರು. ದೊಡ್ಡಕ್ಕ ತಪ್ಪಿದ್ದು ಇಲ್ಲೇ. ಇನ್ನೆರಡು ಹುಡುಕಿ. ಚಾಮರಾಜಪುರಂ, ಚಾಮರಾಜನಗರ. ಒಂದು ಕವಲಿನ ಆರಂಭದಲ್ಲಿದೆ. ಇನ್ನೊಂದು ಕೊನೆಯಲ್ಲಿದೆ. ಮೊದಲ ನಾಲ್ಕು ಅಕ್ಷರ ಒಂದೇ. ಹೆಸರನ್ನು ಅರ್ಧ ಓದಿದರೆ ಏನಾಗುತ್ತದೆ? ಯೋಚಿಸಿ.

ದೊಡ್ಡ ನಿಲ್ದಾಣದಲ್ಲಿ ತಪ್ಪಿ ಇಳಿದರೆ ಇನ್ನೊಂದು ರೈಲು ಬೇಗ ಸಿಕ್ಕೀತು. ಕವಲು ದಾರಿಯಲ್ಲಿ ರೈಲುಗಳು ಕಡಿಮೆ. ಪುಟ್ಟ ನಿಲ್ದಾಣದಲ್ಲಿ ರೈಲು ನಿಲ್ಲುವುದೂ ಸ್ವಲ್ಪ ಹೊತ್ತು ಮಾತ್ರ. ಇಳಿಯಲೋ ಬೇಡವೋ ಎನ್ನುವಷ್ಟರಲ್ಲಿ ಹೊರಟುಬಿಡುತ್ತದೆ. ಅದಕ್ಕೇ ಪುಟ್ಟ ನಿಲ್ದಾಣಕ್ಕೆ ಹೋಗುವವರಿಗೆ ಓದು ಇನ್ನೂ ಹೆಚ್ಚು ಬೇಕು.

3. ಹಳಿ ಬಂದ ಕತೆ

ಈ ಹಳಿ ಹೇಗೆ ಬಂತು ಗೊತ್ತೇ? ಅದು ಹಸಿವಿನ ಕತೆ.

1876ರಿಂದ 1878ರವರೆಗೆ ಮೈಸೂರು ಸೀಮೆಯಲ್ಲಿ ಭಾರೀ ಬರಗಾಲ ಬಂತು. ಮಳೆ ಇಲ್ಲ. ಬೆಳೆ ಇಲ್ಲ. ದನಕ್ಕೆ ಮೇವಿಲ್ಲ. ಜನ ಊರು ಬಿಟ್ಟರು. ದಾರಿಯಲ್ಲೇ ಸತ್ತರು. 1871ರಲ್ಲಿ ಜನಗಣತಿ ಮಾಡಿದಾಗ ಮೈಸೂರು ಸೀಮೆಯಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ರಲ್ಲಿ ಎಣಿಸಿದಾಗ ಉಳಿದದ್ದು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಕಡಿಮೆಯಾದರು.

ಹಸಿದವರಿಗೆ ಕೂಲಿ ಕೊಡಬೇಕಿತ್ತು. ಅದಕ್ಕಾಗಿ ಸರ್ಕಾರ ಬರ ಪರಿಹಾರದ ಕಾಮಗಾರಿ ನಡೆಸಿತು. ಬೆಂಗಳೂರು–ಮೈಸೂರು ರೈಲು ದಾರಿಗೆ ಮಣ್ಣು ಹಾಕುವ ಕೆಲಸ ಹಾಗೆ ಶುರುವಾಯಿತು. ಅಂಥ ಕೆಲಸದಲ್ಲಿ ಹೆಂಗಸರೂ ಇದ್ದರು. ಮಣ್ಣು ಹೊತ್ತರು. ಕೂಲಿ ಪಡೆದು ಮಕ್ಕಳ ಹೊಟ್ಟೆಗೆ ಹಾಕಿದರು.

1881ರಲ್ಲಿ ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ರೈಲು ಬಂತು. 1882ರಲ್ಲಿ ಅದು ಮೈಸೂರು ಮುಟ್ಟಿತು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಕವಲು ಒಡೆಯಿತು. 1926ರಲ್ಲಿ ಆ ಕವಲು ಚಾಮರಾಜನಗರದವರೆಗೆ ಬೆಳೆಯಿತು.

ಆಗಿನ ಹಳಿ ಕಿರಿದಾಗಿತ್ತು. ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರ. ಅದಕ್ಕೆ ಮೀಟರ್ ಗೇಜ್ ಎಂದು ಹೆಸರು. ಈಗಿನದು ಬ್ರಾಡ್ ಗೇಜ್. ಅಂತರ ಸುಮಾರು ಐದೂವರೆ ಅಡಿ. ಅಗಲ ಹಳಿಯ ಮೇಲೆ ದೊಡ್ಡ ಬೋಗಿಗಳು ಓಡುತ್ತವೆ. ಹೆಚ್ಚು ಜನ ಹಿಡಿಸುತ್ತಾರೆ. ಮೈಸೂರಿನವರೆಗೆ 1993ರಲ್ಲಿ ಅಗಲ ಹಳಿ ಬಂತು. ಚಾಮರಾಜನಗರದ ಕವಲಿಗೆ ಬಂದದ್ದು 2008ರಲ್ಲಿ. ಕಾಂಡಕ್ಕೆ ಬಂದ ಹದಿನೈದು ವರ್ಷಕ್ಕೆ ಕೊಂಬೆಗೆ ಬಂತು. ಕವಲು ದಾರಿಯ ಊರುಗಳಿಗೆ ಎಲ್ಲ ಅನುಕೂಲವೂ ತಡವಾಗಿಯೇ ಸಿಗುತ್ತದೆ.

4. ಹಳದಿ ಬೋರ್ಡು

ನಿಲ್ದಾಣದ ಎರಡು ತುದಿಯಲ್ಲೂ ದೊಡ್ಡ ಹಳದಿ ಬೋರ್ಡು ಇರುತ್ತದೆ. ಅಕ್ಷರ ಕಪ್ಪು. ಹಳದಿಯ ಮೇಲೆ ಕಪ್ಪು ದೂರಕ್ಕೇ ಎದ್ದು ಕಾಣುತ್ತದೆ. ಮಬ್ಬು ಬೆಳಕಿನಲ್ಲೂ ಕಾಣುತ್ತದೆ.

ನಮ್ಮ ಕಡೆಯ ಬೋರ್ಡಿನಲ್ಲಿ ಹೆಸರು ಮೂರು ಭಾಷೆಯಲ್ಲಿ ಇರುತ್ತದೆ. ಕನ್ನಡ, ಹಿಂದಿ, ಇಂಗ್ಲಿಷ್. ನಾವು ನಮ್ಮ ಅಕ್ಷರ ನೋಡಿದರೆ ಸಾಕು. ಬೋರ್ಡಿನ ಮೇಲೆ ಅಂಕಿಯೂ ಇರಬಹುದು. ಅದು ಊರು ಸಮುದ್ರದ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ತಿಳಿಸುತ್ತದೆ. ಹಣದ ಲೆಕ್ಕವಲ್ಲ, ಗಾಬರಿ ಬೇಡ.

ಬೋರ್ಡು ಓದುವಾಗ ಎರಡು ಮಾತು ನೆನಪಿಡಿ.

ಒಂದು: ಹೆಸರನ್ನು ಕೊನೆಯ ಅಕ್ಷರದವರೆಗೆ ಓದಿ.
ಎರಡು: ನಿಮ್ಮ ಊರಿಗಿಂತ ಹಿಂದಿನ ನಿಲ್ದಾಣದ ಹೆಸರನ್ನೂ ತಿಳಿದುಕೊಳ್ಳಿ. ಅದು ಬಂದಾಗಲೇ ಎದ್ದು ಬಾಗಿಲ ಬಳಿ ಬನ್ನಿ. ಆದರೆ ರೈಲು ಪೂರ್ತಿ ನಿಂತ ಮೇಲೇ ಇಳಿಯಿರಿ.

5. ಟಿಕೆಟ್ ಓದೋಣ

ಟಿಕೆಟ್ ಕೈಗೆ ಬಂದ ಕೂಡಲೇ ಸೆರಗಿಗೆ ಕಟ್ಟಬೇಡಿ. ಕಿಟಕಿಯ ಮುಂದೆ ನಿಂತೇ ಓದಿ. 2018ರಿಂದ ನಮ್ಮ ಕಡೆಯ ಟಿಕೆಟ್ಟಿನಲ್ಲಿ ಊರಿನ ಹೆಸರು ಕನ್ನಡದಲ್ಲೂ ಅಚ್ಚಾಗುತ್ತಿದೆ. ಇವನ್ನು ನೋಡಿ:

ಎಲ್ಲಿಂದ? ಎಲ್ಲಿಗೆ?
ಎಷ್ಟು ಜನ? ದೊಡ್ಡವರು ಎಷ್ಟು, ಮಕ್ಕಳು ಎಷ್ಟು?
ಎಷ್ಟು ರೂಪಾಯಿ?
ಯಾವ ತಾರೀಖು?

ಸಾಮಾನ್ಯ ಬೋಗಿಯಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. 5ರಿಂದ 12 ವರ್ಷದೊಳಗಿನವರಿಗೆ ಅರ್ಧ ಟಿಕೆಟ್.

200 ಕಿಲೋಮೀಟರ್ ಒಳಗಿನ ಊರಿಗೆ ತೆಗೆದ ಸಾಮಾನ್ಯ ಟಿಕೆಟ್ ಇಡೀ ದಿನ ನಡೆಯುವುದಿಲ್ಲ. ತೆಗೆದ 3 ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು. ಅಷ್ಟರಲ್ಲಿ ಆ ಊರಿಗೆ ರೈಲೇ ಇಲ್ಲದಿದ್ದರೆ ಮೊದಲು ಬರುವ ರೈಲಿಗೆ ಹೋಗಬಹುದು.

ಪ್ಯಾಸೆಂಜರ್ ರೈಲಿನ ದರ ಬೇರೆ. ಎಕ್ಸ್‌ಪ್ರೆಸ್ ರೈಲಿನ ದರ ಬೇರೆ. ಎಕ್ಸ್‌ಪ್ರೆಸ್ಸು ಎಲ್ಲ ಪುಟ್ಟ ನಿಲ್ದಾಣದಲ್ಲಿ ನಿಲ್ಲುವುದೂ ಇಲ್ಲ. ಆದ್ದರಿಂದ ಮೊದಲೇ ಕೇಳಿ: “ಈ ಟಿಕೆಟ್ ಯಾವ ರೈಲಿಗೆ ನಡೆಯುತ್ತೆ? ಆ ರೈಲು ನಮ್ಮ ಊರಲ್ಲಿ ನಿಲ್ಲುತ್ತಾ?” ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಟಿಕೆಟ್ಟಿನ ಹಣದ ಮೇಲೆ ಕಡಿಮೆ ಎಂದರೂ 250 ರೂಪಾಯಿ ದಂಡ ಕಟ್ಟಬೇಕು. ಅದು ಒಂದು ದಿನದ ಕೂಲಿ ಕಣ್ರವ್ವ.

ದರದ ಕತೆ ನಿಮಗೆ ನೆನಪಿರಬಹುದು. ಕೊರೋನಾ ಬಂದಾಗ, 2020ರ ಮಾರ್ಚ್ ತಿಂಗಳಲ್ಲಿ, ಜನ ಓಡಾಡುವ ರೈಲುಗಳೆಲ್ಲ ನಿಂತವು. ಮತ್ತೆ ಬಿಟ್ಟಾಗ ಪ್ಯಾಸೆಂಜರ್ ರೈಲಿಗೂ ಎಕ್ಸ್‌ಪ್ರೆಸ್ ದರ ಹಾಕಿದರು. ಮೊದಲು 10 ರೂಪಾಯಿ ಇದ್ದ ಕನಿಷ್ಠ ದರ 30 ಆಯಿತು. ದಿನಗೂಲಿಯವರಿಗೆ ಕಷ್ಟವಾಯಿತು. 2024ರ ಫೆಬ್ರವರಿಯಲ್ಲಿ ಅದನ್ನು ಮತ್ತೆ 10ಕ್ಕೆ ಇಳಿಸಿದರು.

ಇನ್ನೊಂದು ಮಾತು. “ಪುಟ್ಟ ನಿಲ್ದಾಣ, ಯಾರು ಕೇಳ್ತಾರೆ” ಎಂದು ಟಿಕೆಟ್ ಇಲ್ಲದೆ ಹತ್ತುವವರಿದ್ದಾರೆ. ಇದರಿಂದ ನಷ್ಟ ಯಾರಿಗೆ? ನಿಲ್ದಾಣದಲ್ಲಿ ಎಷ್ಟು ಟಿಕೆಟ್ ಮಾರಾಟವಾಯಿತು ಎಂದು ರೈಲ್ವೆಯವರು ಲೆಕ್ಕ ಇಡುತ್ತಾರೆ. ಜನವೇ ಇಲ್ಲ ಎಂದು ಲೆಕ್ಕ ಹೇಳಿದರೆ ರೈಲು ಯಾಕೆ ನಿಲ್ಲಿಸುತ್ತಾರೆ? ನಮ್ಮ ಟಿಕೆಟ್ಟು ನಮ್ಮ ತಲೆ ಎಣಿಕೆ. ಓಟು ಹಾಕಿದ ಹಾಗೆ.

6. ರೈಲಿನ ಗಡಿಯಾರ

ಮನೆಯ ಗಡಿಯಾರದಲ್ಲಿ 12 ಗಂಟೆ ಮಾತ್ರ ಇದೆ. ರೈಲಿನ ಲೆಕ್ಕದಲ್ಲಿ 24 ಗಂಟೆ. ನಡುರಾತ್ರಿಯಿಂದ ಎಣಿಕೆ ಶುರು. ಮಧ್ಯಾಹ್ನ 12 ಆದ ಮೇಲೆ 1 ಎನ್ನುವುದಿಲ್ಲ. 13 ಎನ್ನುತ್ತಾರೆ.

ಲೆಕ್ಕ ಸುಲಭ. ಗಂಟೆ 13 ಅಥವಾ ಅದಕ್ಕಿಂತ ಹೆಚ್ಚಿದ್ದರೆ 12 ಕಳೆಯಿರಿ.

14:00 ಎಂದರೆ 14ರಲ್ಲಿ 12 ಹೋದರೆ 2. ಮಧ್ಯಾಹ್ನ 2 ಗಂಟೆ.
18:20 ಎಂದರೆ ಸಂಜೆ 6 ಗಂಟೆ 20 ನಿಮಿಷ.
06:20 ಎಂದರೆ ಬೆಳಿಗ್ಗೆ 6 ಗಂಟೆ 20 ನಿಮಿಷ.

18:20 ಮತ್ತು 06:20 ನಡುವೆ ಅರ್ಧ ದಿನದ ಅಂತರ. ತಪ್ಪಾಗಿ ಓದಿದರೆ ಅರ್ಧ ದಿನ ಕಾಯಬೇಕು. (ಈ ಸಮಯಗಳು ಲೆಕ್ಕ ಕಲಿಯಲು ಬರೆದವು. ರೈಲಿನ ನಿಜವಾದ ಸಮಯವನ್ನು ನಿಲ್ದಾಣದಲ್ಲಿ ನೋಡಿ.)

7. ಕಾನೂನು ನಮ್ಮ ಜೊತೆಗಿದೆ

1989ರ ರೈಲ್ವೆ ಕಾಯ್ದೆಯಲ್ಲಿ ಹೆಂಗಸರಿಗಾಗಿ ಕೆಲವು ಮಾತುಗಳಿವೆ.

ಜನ ಪ್ರಯಾಣ ಮಾಡುವ ರೈಲಿನಲ್ಲಿ ಹೆಂಗಸರಿಗೆಂದೇ ಜಾಗ ಇಡಬೇಕು. ‘ಮಹಿಳೆಯರಿಗೆ’ ಎಂದು ಬರೆದಿರುವುದನ್ನು ಹುಡುಕಿ. ಅಲ್ಲಿ ಗಂಡಸರು ಹತ್ತಿ ಕೂರುವುದು ತಪ್ಪು.

ಕೆಲವು ಸಲ ಟಿಕೆಟ್ ಕಳೆದುಹೋಗಬಹುದು. ಗಂಡಸರು ಜೊತೆಯಲ್ಲಿಲ್ಲದ ಹೆಂಗಸನ್ನು ಅಥವಾ ಮಗುವನ್ನು ಟಿಕೆಟ್ ಇಲ್ಲವೆಂದು ಸಿಕ್ಕ ಸಿಕ್ಕ ನಿಲ್ದಾಣದಲ್ಲಿ ಇಳಿಸುವ ಹಾಗಿಲ್ಲ. ಹತ್ತಿದ ನಿಲ್ದಾಣ, ಜಂಕ್ಷನ್, ದಾರಿಯ ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬಹುದು. ಅದೂ ಹಗಲು ಹೊತ್ತಿನಲ್ಲಿ ಮಾತ್ರ. ಹಾಗೆಂದು ಟಿಕೆಟ್ ಬೇಡ ಎಂದಲ್ಲ. ದಂಡ ತಪ್ಪುವುದಿಲ್ಲ. ಆದರೆ ರಾತ್ರಿ ಹೊತ್ತು ಕಾಣದ ಊರಿನಲ್ಲಿ ಯಾರೂ ನಿಮ್ಮನ್ನು ಇಳಿಸಬಾರದು.

ರೈಲಿನಲ್ಲಿ ತೊಂದರೆ ಆದರೆ 139ಕ್ಕೆ ಫೋನು ಮಾಡಿ. ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿ: ಒಂದು, ಮೂರು, ಒಂಬತ್ತು.

ಹಳಿ ದಾಟಬೇಡಿ. ಮೇಲ್ಸೇತುವೆ ಇದ್ದರೆ ಮೆಟ್ಟಿಲು ಹತ್ತಿಯೇ ದಾಟಿ. ಈಗ ನಮ್ಮ ದಾರಿಯಲ್ಲಿ ವಿದ್ಯುತ್ ರೈಲು ಓಡುತ್ತದೆ. ಸದ್ದು ಕೇಳುವಷ್ಟರಲ್ಲಿ ಹತ್ತಿರ ಬಂದಿರುತ್ತದೆ.

8. ದೊಡ್ಡಕ್ಕ ಮತ್ತೆ ಹೊರಟರು

ಮೊನ್ನೆ ದೊಡ್ಡಕ್ಕನಿಗೆ ಫೋನು ಬಂತು. ಮಗಳಿಗೆ ಹೊಟ್ಟೆಯ ಆಪರೇಷನ್. ಮಾರನೇ ದಿನ ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಬೇಕು. ಎರಡು ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲ.

“ನಾನು ರಜ ಹಾಕಿ ನಾಳಿದ್ದು ಕರ್ಕೊಂಡು ಹೋಗ್ತೀನಿ ಕಣವ್ವ” ಎಂದ ಬೆಂಗಳೂರಿನಲ್ಲಿರುವ ಮಗ.

“ನಾಳಿದ್ದು ಹೋಗಿ ಏನ್ ಮಾಡ್ಲಿ? ನಾನೇ ಹೋಯ್ತೀನಿ ಬುಡು” ಎಂದರು ದೊಡ್ಡಕ್ಕ.

ಹೊರಡುವ ಮೊದಲು ನನ್ನ ಹತ್ತಿರ ಬಂದರು. ನಿಲ್ದಾಣಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಯಲು ಕೂತರು. ನಾನು ಹೇಳಿದೆ, ಅವರೇ ಬರೆದರು. ತಾಂಡವಪುರದ ‘ತಾಂ’ ಬರೆಯಲು ಎರಡು ಸಲ ಅಳಿಸಿದರು.

ಚನ್ನಪಟ್ಟಣದಲ್ಲಿ ಟಿಕೆಟ್ ತೆಗೆದು ಓದಿಕೊಂಡರು. ಮೈಸೂರಿನಲ್ಲಿ ಇಳಿದು ಎರಡು ಜನರನ್ನು ಕೇಳಿದರು. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಚಾಮರಾಜನಗರದ ರೈಲು ಹತ್ತಿದರು. ಚೀಟಿ ಕೈಯಲ್ಲಿತ್ತು.

ಮೊದಲ ಬೋರ್ಡು ಬಂತು. ಎದುರಿಗೆ ಕೂತಿದ್ದ ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಎದ್ದೇಬಿಟ್ಟರು. “ಚಾಮರಾಜ ಅಂತ ಯಾರೋ ಓದಿದ್ರು. ನಮ್ಮೂರು ಬಂತು” ಎಂದರು.

ದೊಡ್ಡಕ್ಕ ಬೋರ್ಡು ನೋಡಿದರು. ಚಾ, ಮ, ರಾ, ಜ... ನಿಲ್ಲಲಿಲ್ಲ. ಮುಂದೆ ಓದಿದರು. ಪು, ರಂ.

“ತಡಿಯವ್ವ, ಇಳೀಬೇಡ! ಇದು ಪುರಂ. ನಿಮ್ದು ನಗರ ಅಲ್ವಾ? ಅದು ಕೊನೇ ಊರು. ಕೂತ್ಕೊ” ಎಂದು ಕೈ ಹಿಡಿದು ಕೂರಿಸಿದರು.

ಆಮೇಲೆ ಕಡಕೊಳ ಬಂತು. ಅದೇ ಕಲ್ಲು ಬೆಂಚು. ದೊಡ್ಡಕ್ಕ ಕೂತಲ್ಲೇ ಪೂರ್ತಿ ಓದಿದರು. ಚೀಟಿ ನೋಡಿದರು. ಕೂತೇ ಇದ್ದರು. ನಂಜನಗೂಡು ದಾಟಿದ ಮೇಲೆ ಗಂಟು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಬಂದ ಒಂದೊಂದು ಬೋರ್ಡನ್ನೂ ಓದಿದರು. ಕ, ವ, ಲಂ, ದೆ. ಇಳಿದರು.

ಹೊತ್ತು ಮುಳುಗುವ ಮುಂಚೆ ಮಗಳ ಮನೆ ಸೇರಿದರು. ಮಾರನೇ ದಿನ ಮಗಳು ನಿಶ್ಚಿಂತೆಯಾಗಿ ಆಸ್ಪತ್ರೆಗೆ ಹೋದಳು. ಮಕ್ಕಳು ಅಜ್ಜಿಯ ಹತ್ತಿರ ಉಳಿದವು.

ಹದಿನೈದು ದಿನ ಬಿಟ್ಟು ದೊಡ್ಡಕ್ಕ ವಾಪಸು ಬಂದರು. ಮಗಳು ಹುಷಾರಾಗಿದ್ದಾಳೆ ಎಂದರು. ಚೀಟಿಯನ್ನು ನನಗೆ ಕೊಟ್ಟರು. ಮಡಿಸಿ ಮಡಿಸಿ ಹರಿದಿತ್ತು.

“ಇದನ್ನ ಪಾಠಕ್ಕೆ ಹಾಕಿ ಟೀಚರಮ್ಮ. ನಮ್ಮ ಹೆಂಗಸ್ರು ಓದ್ಲಿ. ಆದ್ರೆ ಪೂರ್ತಿ ಓದಿ ಅಂತ ಹೇಳಿ” ಎಂದರು.

ಅಕ್ಕಂದಿರೇ, ಅದೇ ಈ ಪಾಠ.

ಹೊಸ ಪದಗಳು

ಕವಲು: ಒಂದರಿಂದ ಒಡೆದು ಬೇರೆ ಕಡೆಗೆ ಹೋಗುವುದು
ಹಳಿ: ರೈಲು ಓಡುವ ಕಬ್ಬಿಣದ ದಾರಿ
ಜಂಕ್ಷನ್: ಎರಡು ಮೂರು ರೈಲು ದಾರಿ ಸೇರುವ ನಿಲ್ದಾಣ
ಕಾಮಗಾರಿ: ರಸ್ತೆ, ಕೆರೆ, ಹಳಿ ಮುಂತಾದವನ್ನು ಮಾಡುವ ಕೆಲಸ
ಕಾಯ್ದೆ: ಕಾನೂನು
ಕನಿಷ್ಠ: ಎಲ್ಲಕ್ಕಿಂತ ಕಡಿಮೆ

ಅಭ್ಯಾಸ

ಅ. ಉತ್ತರ ಹೇಳಿ
1. ದೊಡ್ಡಕ್ಕ ಮೊದಲ ಸಲ ಯಾವ ಊರಿನಲ್ಲಿ ಇಳಿದರು? ಯಾಕೆ?
2. ಚನ್ನಪಟ್ಟಣಕ್ಕೆ ರೈಲು ಬಂದ ವರ್ಷ ಯಾವುದು?
3. ಟಿಕೆಟ್ ಕೈಗೆ ಬಂದಾಗ ಏನೇನು ನೋಡಬೇಕು?

ಆ. ಬಿಟ್ಟ ಜಾಗ ತುಂಬಿ
1. 16:00 ಎಂದರೆ ಸಂಜೆ ____ ಗಂಟೆ.
2. 21:30 ಎಂದರೆ ರಾತ್ರಿ ____ ಗಂಟೆ ____ ನಿಮಿಷ.
3. ರೈಲಿನಲ್ಲಿ ತೊಂದರೆಯಾದರೆ ಫೋನು ಮಾಡಬೇಕಾದ ಸಂಖ್ಯೆ ____.

ಇ. ಲೆಕ್ಕ ಮಾಡಿ
ಒಂದು ಊರಿಗೆ ದೊಡ್ಡವರ ಟಿಕೆಟ್ 20 ರೂಪಾಯಿ ಎಂದಿಟ್ಟುಕೊಳ್ಳಿ. ತಾಯಿ, 8 ವರ್ಷದ ಮಗಳು, 3 ವರ್ಷದ ಮಗ ಹೊರಟಿದ್ದಾರೆ. ಒಟ್ಟು ಎಷ್ಟು ಹಣ ಬೇಕು? 100 ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕು?

ಈ. ಬರೆಯಿರಿ
ನಿಮ್ಮ ಮಗಳ ಊರು ಅಥವಾ ತವರೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರುಗಳ ಹೆಸರನ್ನು ಸಾಲಾಗಿ ಒಂದು ಚೀಟಿಯಲ್ಲಿ ಬರೆಯಿರಿ. ಮುಂದಿನ ಸಲ ಹೋಗುವಾಗ ಆ ಚೀಟಿ ಜೊತೆಯಲ್ಲಿರಲಿ.

ಉ. ಮಾತಾಡಿ
“ಹೆಂಗಸರು ಒಬ್ಬರೇ ಪ್ರಯಾಣ ಮಾಡಬಾರದು” ಎಂದು ಕೆಲವರು ಹೇಳುತ್ತಾರೆ. ಆ ದಿನ ದೊಡ್ಡಕ್ಕ ಮಗನಿಗಾಗಿ ಕಾದಿದ್ದರೆ ಏನಾಗುತ್ತಿತ್ತು? ಎಲ್ಲರೂ ಸೇರಿ ಚರ್ಚೆ ಮಾಡಿ.